ಅಮೆರಿಕದ ಹೋಂವರ್ಕು, ಮಂಡ್ಯದ ನಿದ್ದೆ: ಆನ್‌ಲೈನ್ ಪಾಠದ ಕೂಲಿ ಲೆಕ್ಕ

ಬೈಜೂಸ್ ಮುಳುಗಿತು, ಅಲ್ಲಿಗೆ ಆನ್‌ಲೈನ್ ಪಾಠದ ಹುಚ್ಚೂ ಇಳೀತು ಅನ್ನೋ ಮಾತು ಈಗ ಸಾಮಾನ್ಯವಾಗಿಬಿಟ್ಟಿದೆ. ಮಾತಿನ ಮೊದಲ ಅರ್ಧ ನಿಜ. 2022ರ ಮಾರ್ಚ್‌ನಲ್ಲಿ 22 ಬಿಲಿಯನ್ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಬೆಂಗಳೂರಿನ ಈ ಕಂಪನಿಯನ್ನು 2024ರ ಜುಲೈ 16ರಂದು ಬೆಂಗಳೂರಿನದೇ ಕಂಪನಿ ಕಾನೂನು ನ್ಯಾಯಮಂಡಳಿ ದಿವಾಳಿ ಪ್ರಕ್ರಿಯೆಗೆ ಒಳಪಡಿಸಿತು. ಕಾರಣ, ಕ್ರಿಕೆಟ್ ತಂಡದ ಜೆರ್ಸಿ ಮೇಲೆ ಹೆಸರು ಹಾಕಿಸಿಕೊಂಡ ಬಾಬ್ತು ಬಿಸಿಸಿಐಗೆ ಕೊಡಬೇಕಿದ್ದ ಸುಮಾರು 158 ಕೋಟಿ ರೂಪಾಯಿ. ಪಾಠದ ಕಂಪನಿಯನ್ನು ಅಲ್ಲಿಗೆ ಎಳೆದದ್ದು ಪಾಠದ ಬಾಕಿಯಲ್ಲ, ಜಾಹೀರಾತಿನ ಬಾಕಿ.

ಆದರೆ ಮಾತಿನ ಎರಡನೇ ಅರ್ಧ ನಿಜವಲ್ಲ. ಮುಳುಗಿದ್ದು ಮಾರಾಟದ ಒಂದು ರೀತಿ. ಅದರ ಹಿಂದಿನ ಕೆಲಸ ಹಾಗೇ ಇದೆ. ಯಾರೋ ಒಬ್ಬರು ಒಂದು ಕೋಣೆಯಲ್ಲಿ ಕೂತು, ತಾವು ಯಾವತ್ತೂ ನೋಡದ ಊರಿನ ಮಗುವಿಗೆ ಗಂಟೆಗಿಷ್ಟು, ಉತ್ತರಕ್ಕಿಷ್ಟು ಅನ್ನೋ ಲೆಕ್ಕದಲ್ಲಿ ಗಣಿತ, ಭೌತಶಾಸ್ತ್ರ ಬಿಡಿಸಿ ಹೇಳುವ ಕೆಲಸ. ಅದು ಬೆಂಗಳೂರಿಂದ ಜಿಲ್ಲಾ ಕೇಂದ್ರಕ್ಕೆ, ಜಿಲ್ಲಾ ಕೇಂದ್ರದಿಂದ ಹೋಬಳಿಗೆ ಬಂದಿದೆ. ಮಾತಾಡಿ ಹೇಳಿಕೊಡೋದರಿಂದ ಟೈಪ್ ಮಾಡಿ ಕಳಿಸೋದಕ್ಕೆ ಬಂದಿದೆ. ಈಗ ಮಗುವಿಗೆ ಕಲಿಸೋದು ಬಿಟ್ಟು ಯಂತ್ರಕ್ಕೆ ಕಲಿಸೋ ಹಂತಕ್ಕೂ ಬಂದು ನಿಂತಿದೆ. ಷೇರು ಬೆಲೆ, ಹೂಡಿಕೆ, ದಿವಾಳಿ ಬಗ್ಗೆ ನಾವು ಬೇಕಾದಷ್ಟು ಬರೆದಿದ್ದೇವೆ, ಈ ಕೆಲಸ ಮಾಡೋರ ಬಗ್ಗೆ ಬರೆದದ್ದು ಕಡಿಮೆ.

ಕೆರಗೋಡು ಅಂದರೆ ರಾಜ್ಯದ ಜನಕ್ಕೆ ಥಟ್ಟನೆ ನೆನಪಾಗೋದು 2024ರ ಜನವರಿಯ ಧ್ವಜಸ್ತಂಭದ ಗಲಾಟೆ. ಅವತ್ತು ಅಲ್ಲಿಗೆ ಹೋದ ಕ್ಯಾಮೆರಾಗಳು ಕಂಬ ಬಿಟ್ಟು ಸ್ವಲ್ಪ ಆಚೀಚೆ ತಿರುಗಿದ್ದರೆ ಬೇರೆಯದೇ ಸುದ್ದಿ ಸಿಗ್ತಿತ್ತು. ಮಂಡ್ಯ ತಾಲ್ಲೂಕಿನ ಈ ಹೋಬಳಿ ಊರಲ್ಲಿ, ಇಂಥ ಯಾವುದೇ ಹೋಬಳಿ ಊರಲ್ಲಿ, ಗದ್ದೇಲಿ ಕಬ್ಬು ಇದೆ, ಮನೇಲಿ ಒಬ್ಬ ಬಿಇ ಅಥವಾ ಎಂಎಸ್ಸಿ ಮುಗಿಸಿದ ಮಗ ಇಲ್ಲವೇ ಮಗಳು ಇದ್ದಾರೆ. ಮಂಡ್ಯದಲ್ಲಿ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಶುರುವಾಗಿದ್ದು 1962ರಲ್ಲಿ. ಅಂದರೆ ಈ ಸೀಮೆಗೆ ಎಂಜಿನಿಯರ್ ಅನ್ನೋ ಪದ ಹೊಸದಲ್ಲ, ಕೆಲಸ ಇಲ್ಲದ ಎಂಜಿನಿಯರ್ ಅನ್ನೋದೂ ಹೊಸದಲ್ಲ. ಹೊಸದು ಏನಂದ್ರೆ, ಆ ಕೋಣೆಗೆ ಈಗ ಫೈಬರ್ ಲೈನ್ ಬಂದಿದೆ, ಅದರ ಜೊತೆಗೆ ಕೆಲಸವೂ ಬಂದಿದೆ. ಯಾವ ಥರದ ಕೆಲಸ ಅನ್ನೋದು ಪ್ರಶ್ನೆ.

ಇದರ ಬೇರು ಹುಡುಕಲು 2005ಕ್ಕೆ ಹೋಗಬೇಕು. ಆ ವರ್ಷ ಕೆ. ಗಣೇಶ್ ಮತ್ತು ಮೀನಾ ಗಣೇಶ್ ಬೆಂಗಳೂರಲ್ಲಿ ಟ್ಯೂಟರ್‌ವಿಸ್ಟಾ ಶುರು ಮಾಡಿದರು. ಅಮೆರಿಕದಲ್ಲಿ 2002ರ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆ ಬಂದ ಮೇಲೆ ಹಿಂದುಳಿದ ಶಾಲೆಗಳ ಮಕ್ಕಳಿಗೆ ಸರ್ಕಾರದ ದುಡ್ಡಲ್ಲಿ ಟ್ಯೂಷನ್ ಕೊಡಿಸೋ ದಾರಿ ತೆರೆದಿತ್ತು, ಜೊತೆಗೆ ಖಾಸಗಿ ಟ್ಯೂಷನ್ ಅಲ್ಲಿ ಬಲು ದುಬಾರಿ. ಟ್ಯೂಟರ್‌ವಿಸ್ಟಾ ಹೇಳಿದ್ದು ಸರಳ: ತಿಂಗಳಿಗೆ ಸುಮಾರು 100 ಡಾಲರ್ ಕೊಡಿ, ನಿಮ್ಮ ಮಗು ಎಷ್ಟು ಹೊತ್ತು ಬೇಕಾದರೂ ಪಾಠ ಹೇಳಿಸಿಕೊಳ್ಳಲಿ. ಪಾಠ ಹೇಳೋರು ಭಾರತದಲ್ಲಿ ತಮ್ಮ ತಮ್ಮ ಮನೆಯಲ್ಲಿ ಕೂತ ಮೇಷ್ಟ್ರುಗಳು, ಸ್ನಾತಕೋತ್ತರ ಪದವಿ ಮಾಡಿ ಮನೆಯಲ್ಲೇ ಉಳಿದಿದ್ದ ಹೆಣ್ಣುಮಕ್ಕಳು, ನಿವೃತ್ತರು.

ಗಡಿಯಾರದ ಲೆಕ್ಕ ನೋಡಿ. ನ್ಯೂಯಾರ್ಕಿನ ಹುಡುಗ ಶಾಲೆ ಮುಗಿಸಿ, ಏನೋ ತಿಂದು, ಸಂಜೆ 6ಕ್ಕೆ ಹೋಂವರ್ಕಿಗೆ ಕೂರ್ತಾನೆ. ನಮ್ಮಲ್ಲಿ ಆಗ ಬೆಳಗಿನ ಜಾವ ಮೂರೂವರೆ, ಅವರ ಚಳಿಗಾಲದಲ್ಲಾದರೆ ನಾಲ್ಕೂವರೆ. ಕಾಲ್ ಸೆಂಟರಿನ ರಾತ್ರಿ ಪಾಳಿ ಬಗ್ಗೆ ಆ ಕಾಲದಲ್ಲಿ ಎಷ್ಟು ಚರ್ಚೆ ಆಯ್ತು! ಕ್ಯಾಬ್ ಬೇಕು, ಭದ್ರತೆ ಬೇಕು, ರಾತ್ರಿ ಭತ್ಯೆ ಬೇಕು ಅಂತ. ಮನೇಲೇ ಕೂತು ಮಾಡೋ ರಾತ್ರಿ ಪಾಳಿಗೆ ಆ ಯಾವ ಪ್ರಶ್ನೆಯೂ ಹುಟ್ಟಲಿಲ್ಲ. ಹೇಗೂ ಮನೇಲೇ ಇದ್ದಾರಲ್ಲ ಅನ್ನೋದೇ ಉತ್ತರವಾಯ್ತು.

2011ರಲ್ಲಿ ಬ್ರಿಟನ್ನಿನ ಪಿಯರ್ಸನ್ ಕಂಪನಿ 577 ಕೋಟಿ ರೂಪಾಯಿ ಕೊಟ್ಟು ಟ್ಯೂಟರ್‌ವಿಸ್ಟಾದ ಮುಕ್ಕಾಲು ಪಾಲಿಗೂ ಸ್ವಲ್ಪ ಹೆಚ್ಚನ್ನು ತನ್ನದಾಗಿಸಿಕೊಂಡಿತು. 2017ರಲ್ಲಿ ಅದನ್ನೇ ಬೈಜೂಸಿಗೆ ಮಾರಿ ಕೈತೊಳೆದುಕೊಂಡಿತು. ಈ ಕೈಬದಲಾವಣೆಯಲ್ಲಿ ಒಂದು ಸೂಕ್ಷ್ಮ ಇದೆ. ಟ್ಯೂಟರ್‌ವಿಸ್ಟಾ ಭಾರತದ ಮೇಷ್ಟ್ರ ಸಮಯವನ್ನು ಅಮೆರಿಕಕ್ಕೆ ಮಾರ್ತಿತ್ತು. ಬೈಜೂಸ್ ಭಾರತದ ಅಪ್ಪ-ಅಮ್ಮಂದಿರಿಗೆ ಭಯ ಮಾರ್ತಿತ್ತು. ಮುಂದಿನ ಐದು ವರ್ಷ ಈ ಎರಡು ವ್ಯಾಪಾರಗಳು ಒಂದೇ ಸೂರಿನಡಿ ಬೆಳೆದವು. ನಾವು ನೋಡಿದ್ದು ಎರಡನೆಯದನ್ನು ಮಾತ್ರ.

ಎರಡನೆಯದರ ಬಗ್ಗೆ ಬೇಗ ಹೇಳಿ ಮುಗಿಸ್ತೇನೆ, ಎಲ್ಲರಿಗೂ ಗೊತ್ತಿರೋದೇ. ಮನೆಗೆ ಬಂದು ಕೂತ ಸೇಲ್ಸ್‌ನವರು, ಟ್ಯಾಬ್, ಸಾಲ, ಕಂತು. 2022ರ ಡಿಸೆಂಬರ್‌ನಲ್ಲಿ ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಬೈಜು ರವೀಂದ್ರನ್‌ಗೆ ಸಮನ್ಸ್ ಕೊಟ್ಟ ಮೇಲೆ, ತಿಂಗಳ ಆದಾಯ 25 ಸಾವಿರಕ್ಕಿಂತ ಕಡಿಮೆ ಇರುವ ಮನೆಗಳಿಗೆ ಇನ್ನು ಮಾರಲ್ಲ ಅಂತ ಕಂಪನಿ ಹೇಳಿತು. ತಿಂಗಳ ಆದಾಯ ಅನ್ನೋದು ಕಬ್ಬು ಬೆಳೆಯೋ ಮನೆಗೆ ಹೇಗೆ ಅನ್ವಯಿಸಬೇಕು ಅಂತ ಮಾತ್ರ ಯಾರೂ ಹೇಳಲಿಲ್ಲ. ವರ್ಷಕ್ಕೊಂದು ಕಟಾವು, ಬಿಲ್ಲು ಬಂದಾಗ ದುಡ್ಡು. ಕಂತು ಮಾತ್ರ ಪ್ರತಿ ತಿಂಗಳ 5ನೇ ತಾರೀಕು.

ಮೊದಲನೆಯ ವ್ಯಾಪಾರಕ್ಕೆ ಬರೋಣ. 2020ರ ಆಗಸ್ಟಿನಲ್ಲಿ ಬೈಜೂಸ್ 300 ಮಿಲಿಯನ್ ಡಾಲರಿಗೆ ವೈಟ್‌ಹ್ಯಾಟ್ ಜೂನಿಯರ್ ಕೊಂಡಿತು. ಆರು ವರ್ಷದ ಮಗುವಿಗೆ ಕೋಡಿಂಗ್ ಕಲಿಸದಿದ್ದರೆ ಬದುಕೇ ಹಾಳು ಅನ್ನೋ ಹಾಗೆ ಜಾಹೀರಾತು ಕೊಟ್ಟು, ಇಲ್ಲದ 'ವುಲ್ಫ್ ಗುಪ್ತ' ಅನ್ನೋ ಹುಡುಗನಿಗೆ ಕೋಟಿಗಟ್ಟಲೆ ಸಂಬಳ ಕೊಡಿಸಿದ ಕಂಪನಿ ಅದೇ. ಅದರ ಶಿಕ್ಷಕರಲ್ಲಿ ಬಹುಪಾಲು ಹೆಣ್ಣುಮಕ್ಕಳು, ಮನೆಯಿಂದ ಕೆಲಸ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ಮಕ್ಕಳಿಗೂ ಇವರೇ. 2022ರ ಮಾರ್ಚ್‌ನಲ್ಲಿ, ಒಂದು ತಿಂಗಳೊಳಗೆ ಗುರುಗ್ರಾಮ, ಮುಂಬೈ ಅಥವಾ ಬೆಂಗಳೂರಿನ ಕಚೇರಿಗೆ ಬನ್ನಿ ಅಂತ ಕಂಪನಿ ತನ್ನ ಕಾಯಂ ಸಿಬ್ಬಂದಿಗೆ ಆದೇಶ ಕೊಟ್ಟಾಗ, ಎರಡು ತಿಂಗಳೊಳಗೆ 800ಕ್ಕೂ ಹೆಚ್ಚು ಜನ ರಾಜೀನಾಮೆ ಕೊಟ್ಟು ಹೊರಟರು. ಮಕ್ಕಳು, ಅತ್ತೆ-ಮಾವ ಎಲ್ಲ ಬಿಟ್ಟು ತಿಂಗಳಲ್ಲಿ ಊರು ಬದಲಾಯಿಸೋದು ಯಾರಿಗೆ ಸಾಧ್ಯ? ತೆಗೆದುಹಾಕಿದರೆ ಪರಿಹಾರ ಕೊಡಬೇಕು. ತಾವಾಗೇ ಬಿಟ್ಟರೆ ಅದರ ಗೊಡವೆ ಇಲ್ಲ.

ಇವರಿಗಾದರೂ ರಾಜೀನಾಮೆ ಕೊಡೋಕೆ ಒಂದು ಕೆಲಸ ಅಂತ ಇತ್ತು. ಅದಕ್ಕಿಂತ ಕೆಳಗಿನ ಮೆಟ್ಟಿಲೊಂದಿದೆ. ಹೋಬಳಿಗೆ ಬಂದಿರೋದು ಆ ಮೆಟ್ಟಿಲು.

ಅಮೆರಿಕದ ಚೆಗ್ ಕಂಪನಿಯ ಹೆಸರು ಎಂಜಿನಿಯರಿಂಗ್ ಓದಿದ ಯಾರನ್ನು ಕೇಳಿದರೂ ಗೊತ್ತು. ಅಲ್ಲಿನ ಕಾಲೇಜು ಹುಡುಗರು ತಿಂಗಳಿಗೆ 15 ಡಾಲರ್ ಆಸುಪಾಸು ಕಟ್ಟಿ ಹೋಂವರ್ಕಿನ ಪ್ರಶ್ನೆ ಹಾಕ್ತಾರೆ, ಸ್ವಲ್ಪ ಹೊತ್ತಲ್ಲೇ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿದ ಉತ್ತರ ಬರುತ್ತೆ. 2021ರ ಆರಂಭದಲ್ಲಿ ಫೋರ್ಬ್ಸ್ ಪತ್ರಿಕೆ ಬರೆದ ಹಾಗೆ, ಆ ಉತ್ತರ ಬರೆಯೋ ಭಾರತದ 'ಎಕ್ಸ್‌ಪರ್ಟ್'ಗಳ ಸಂಖ್ಯೆ 70 ಸಾವಿರಕ್ಕೂ ಹೆಚ್ಚು. ಒಬ್ಬರೂ ನೌಕರರಲ್ಲ, ಎಲ್ಲ ಫ್ರೀಲ್ಯಾನ್ಸ್. ಪ್ರಶ್ನೆಗೆ ಇಷ್ಟು ರೂಪಾಯಿ, ವಿಷಯದ ಮೇಲೆ ದರ. ಗೆಜ್ಜಲಗೆರೆ ಕಡೆಯ ಗಾರ್ಮೆಂಟ್ಸಿಗೆ ಬಸ್ ಹತ್ತೋ ಹೆಣ್ಣುಮಕ್ಕಳಿಗೆ ಈ ಲೆಕ್ಕ ವಿವರಿಸಬೇಕಿಲ್ಲ, ಅವರ ಭಾಷೇಲಿ ಇದಕ್ಕೆ ಪೀಸ್ ರೇಟು ಅಂತಾರೆ.

ನಾನು ಎಂಜಿನಿಯರಿಂಗ್ ಓದುವಾಗ ಹಾಸ್ಟೆಲಿನ ಗೆಳೆಯನೊಬ್ಬ ಇಂಥದೇ ಒಂದು ಕಂಪನಿಗೆ (ಹೆಸರು ಬೇಡ) ಉತ್ತರ ಬರೀತಿದ್ದ. ಥರ್ಮೋಡೈನಮಿಕ್ಸ್‌ನಲ್ಲಿ ನಮ್ಮ ಲೆಕ್ಚರರಿಗಿಂತ ಚೆನ್ನಾಗಿ ಬಿಡಿಸ್ತಿದ್ದ, ಸುಳ್ಳಲ್ಲ. ರಾತ್ರಿಯೆಲ್ಲಾ ಪ್ರಶ್ನೆ ಬರೋದನ್ನೇ ಕಾಯೋನು. ಬಂದ ತಕ್ಷಣ ಒತ್ತಬೇಕು, ಇಲ್ಲದಿದ್ದರೆ ಬೇರೆಯವರು ಎತ್ತಿಕೊಳ್ತಾರೆ. ಬರೆದು ಕಳಿಸಿದ ಮೇಲೆ ಅಲ್ಲಿನ ಹುಡುಗ ಹೆಬ್ಬೆಟ್ಟು ಕೆಳಗೆ ತೋರಿಸಿದರೆ ಅಂಕ ಇಳೀತಿತ್ತು. ಅಂಕ ಒಂದು ಮಟ್ಟಕ್ಕಿಂತ ಕೆಳಗೆ ಹೋದಾಗ ಅಕೌಂಟ್ ನಿಂತುಹೋಯ್ತು. ಕೇಳೋಕೆ ಒಂದು ಫೋನ್ ನಂಬರ್ ಕೂಡ ಇರಲಿಲ್ಲ. ಅವನ ಉತ್ತರ ಸರಿ ಇತ್ತು, ಪ್ರಶ್ನೆಯೇ ತಪ್ಪಾಗಿ ಟೈಪ್ ಆಗಿತ್ತು ಅಂತ ನಮಗೆಲ್ಲ ತೋರಿಸಿದ. ನಾವು ಹೌದು ಅಂದೆವು. ನಮ್ಮ ಹೌದು ಯಾರಿಗೆ ಬೇಕು?

ಮಂಡ್ಯದ ಓದುಗರಿಗೆ ಇದು ಎಲ್ಲೋ ಕೇಳಿದ ಹಾಗಿದೆ ಅನ್ನಿಸಿದರೆ ಆಶ್ಚರ್ಯ ಇಲ್ಲ. ಕಬ್ಬಿನ ಕತೆಯೂ ಹೀಗೇ. ಬೆಳೆಯೋನು ರೈತ. ತೂಕ ಹಾಕೋದು ಕಾರ್ಖಾನೆ. ಕಬ್ಬಿನಲ್ಲಿ ಸಕ್ಕರೆ ಎಷ್ಟು ಇಳುವರಿ ಬಂತು ಅಂತ ಅಳೆಯೋದೂ ಕಾರ್ಖಾನೆ. ಆ ಇಳುವರಿ ಮೇಲೆ ದರ. ಅಳತೆಗೋಲು ಕೊಳ್ಳೋನ ಕೈಯಲ್ಲೇ ಇದ್ದರೆ ಏನಾಗುತ್ತೆ ಅನ್ನೋದು ಮೈಷುಗರ್ ನೋಡಿದ ಈ ಜಿಲ್ಲೆಗೆ ಮೂರು ತಲೆಮಾರಿಂದ ಗೊತ್ತು.

ಆದರೆ ಹೋಲಿಕೆ ಇಲ್ಲಿಗೆ ನಿಲ್ಲುತ್ತೆ, ಮುಂದಕ್ಕೆ ಹೋದರೆ ಕಬ್ಬು ಬೆಳೆಯೋನೇ ವಾಸಿ ಅನ್ನಿಸುತ್ತೆ. ಕಬ್ಬಿಗೆ ಕೇಂದ್ರ ಸರ್ಕಾರ ಎಫ್‌ಆರ್‌ಪಿ ಅಂತ ಒಂದು ಕನಿಷ್ಠ ದರ ಕಟ್ಟುತ್ತೆ. 2025-26ರ ಹಂಗಾಮಿಗೆ ಶೇ 10.25 ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದಲ್ಲಿ ದುಡ್ಡು ಕೊಡಬೇಕು, ತಡವಾದರೆ ಶೇ 15ರ ಬಡ್ಡಿ. ಕೊಡ್ತಾರಾ? ಅದು ಬೇರೆ ಮಾತು, ಅದಕ್ಕೇ ಹೆದ್ದಾರಿ ತಡೆ ಆಗೋದು. ಆದರೆ ತಡೆಯೋಕೆ ಒಂದು ಹೆದ್ದಾರಿ ಇದೆ, ತೋರಿಸೋಕೆ ಒಂದು ಆದೇಶ ಇದೆ, ಹೋಗಿ ಕೂರೋಕೆ ಜಿಲ್ಲಾಧಿಕಾರಿ ಕಚೇರಿ ಇದೆ. ಕಾಕಂಬಿ, ಸಿಪ್ಪೆ, ಸಿಪ್ಪೆಯಿಂದ ಬರೋ ಕರೆಂಟಿನ ಲಾಭದಲ್ಲೂ ನಮಗೆ ಪಾಲು ಬೇಕು ಅಂತ ರೈತರು ಕೇಳಿದ್ದಾರೆ. 2012ರಲ್ಲಿ ರಂಗರಾಜನ್ ಸಮಿತಿಯೂ ಸಕ್ಕರೆ ಮತ್ತು ಉಪ ಉತ್ಪನ್ನಗಳ ಆದಾಯದಲ್ಲಿ ಶೇ 70ರಷ್ಟು ಬೆಳೆಗಾರನಿಗೆ ಸಿಗಬೇಕು ಅಂತ ಹೇಳಿತು.

ಉತ್ತರ ಬರೆಯೋ ಹುಡುಗನ ಸಿಪ್ಪೆಗೂ ಬೆಲೆ ಬಂತು, ಗೊತ್ತಾ? ಅದು ಬಂದದ್ದು 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ. 2023ರ ಮೇ ತಿಂಗಳಲ್ಲಿ ಚೆಗ್‌ನ ಮುಖ್ಯಸ್ಥರು, ಹೊಸ ಗ್ರಾಹಕರು ಬರೋದಕ್ಕೆ ಚಾಟ್‌ಜಿಪಿಟಿ ಅಡ್ಡ ಬರ್ತಿದೆ ಅಂತ ಒಪ್ಪಿಕೊಂಡಾಗ, ಒಂದೇ ದಿನದಲ್ಲಿ ಅದರ ಷೇರು ಹೆಚ್ಚುಕಡಿಮೆ ಅರ್ಧಕ್ಕೆ ಇಳೀತು. 2021ರಲ್ಲಿ 100 ಡಾಲರ್ ದಾಟಿದ್ದ ಷೇರು 2024ರ ಕೊನೆಗೆ 2 ಡಾಲರ್ ಆಸುಪಾಸಿಗೆ ಬಂತು. ನಡುವೆ ಕಂಪನಿ ಮಾಡಿದ್ದೇನು? 2023ರಲ್ಲಿ ಸ್ಕೇಲ್ ಎಐ ಅನ್ನೋ ಕಂಪನಿ ಜೊತೆ ಸೇರಿ ತನ್ನದೇ ಎಐ ಮಾದರಿ ಕಟ್ಟೋಕೆ ಹೊರಟಿತು. ಅದಕ್ಕೆ ಬಂಡವಾಳ, ವರ್ಷಗಟ್ಟಲೆ ಕೂಡಿಟ್ಟ ಪ್ರಶ್ನೋತ್ತರಗಳ ಭಂಡಾರ. ಅದನ್ನು ತುಂಬಿಸಿದ್ದು ಯಾರು ಅಂತ ಈಗಾಗಲೇ ಹೇಳಿದ್ದೇನೆ. ಒಂದು ಉತ್ತರಕ್ಕೆ ಒಂದು ಸಲ ಕೂಲಿ ಕೊಟ್ಟಾಯ್ತು. ಅದೇ ಉತ್ತರ ನೂರು ಸಲ ಮಾರಾಟವಾಗಲಿ, ಯಂತ್ರಕ್ಕೆ ಪಾಠವಾಗಲಿ, ಬರೆದವರಿಗೆ ಮತ್ತೆ ಬಿಡಿಗಾಸಿಲ್ಲ. ಕಬ್ಬಿನ ಸಿಪ್ಪೆಗೆ ಪಾಲು ಕೇಳಿದ ಜಿಲ್ಲೆಯಲ್ಲೇ ಈ ಪಾಲನ್ನು ಕೇಳಬಹುದು ಅಂತಲೂ ಯಾರಿಗೂ ಹೊಳೆದಿಲ್ಲ.

2025ರ ಅಕ್ಟೋಬರ್‌ನಲ್ಲಿ ಚೆಗ್ 388 ಜನರನ್ನು, ಅಂದರೆ ತನ್ನ ಸಿಬ್ಬಂದಿಯಲ್ಲಿ ಶೇ 45ರಷ್ಟನ್ನು ತೆಗೆದುಹಾಕ್ತೀವಿ ಅಂತ ಹೇಳಿತು. ಸುದ್ದಿಯಾಯ್ತು. ಆ 388ರಲ್ಲಿ ಭಾರತದ ಆ ಎಕ್ಸ್‌ಪರ್ಟ್‌ಗಳ ಲೆಕ್ಕ ಸೇರಿಲ್ಲ. ಅವರನ್ನು ಯಾರೂ ತೆಗೆದುಹಾಕಬೇಕಾಗಿಲ್ಲ. ಸೇರಿಸಿಕೊಂಡಿದ್ದರೆ ತಾನೇ ತೆಗೆಯೋದು? ಪ್ರಶ್ನೆ ಬರೋದು ಕಡಿಮೆಯಾದರೆ ಸಾಕು. ಹೊರಗುತ್ತಿಗೆಯ ನಿಜವಾದ ಉಳಿತಾಯ ಇರೋದು ಇಲ್ಲಿ, ಕಡಿಮೆ ಸಂಬಳದಲ್ಲಲ್ಲ. ಮುಚ್ಚೋ ದಿನ ಯಾರಿಗೂ ಉತ್ತರ ಕೊಡಬೇಕಾಗಿಲ್ಲ ಅನ್ನೋದರಲ್ಲಿ.

ಈಗಿನ ಗಾಳಿ ಬೀಸ್ತಿರೋದು ಇನ್ನೊಂದು ಕಡೆಗೆ. ಅದೇ ಹುಡುಗರಿಗೆ, ಅದೇ ಕೋಣೆಯಲ್ಲಿ, ಎಐ ಕೊಟ್ಟ ಉತ್ತರ ಸರಿಯೋ ತಪ್ಪೋ ನೋಡಿ ಅಂಕ ಹಾಕೋ ಕೆಲಸ. ಕೆಲವು ಕಡೆ ಕೂಲಿ ಮೊದಲಿಗಿಂತ ಚೆನ್ನಾಗೇ ಇದೆ, ಅದನ್ನೂ ಹೇಳಬೇಕು. ಬೆಂಗಳೂರಿನ ಕಾರ್ಯ ಅನ್ನೋ ಸಂಸ್ಥೆ ಚಾಮರಾಜನಗರ ಕಡೆಯ ಹಳ್ಳಿಗಳ ಜನರಿಂದ ಕನ್ನಡ ಓದಿಸಿ ಧ್ವನಿ ಸಂಗ್ರಹಿಸಿದಾಗ ಗಂಟೆಗೆ ಸುಮಾರು 5 ಡಾಲರ್ ಲೆಕ್ಕದಲ್ಲಿ ಕೊಟ್ಟದ್ದು 2023ರಲ್ಲಿ ಅಮೆರಿಕದ ಟೈಮ್ ಪತ್ರಿಕೆಯಲ್ಲಿ ಬಂತು. ಅದು ಆ ದತ್ತಾಂಶ ಮತ್ತೆ ಮಾರಾಟವಾದರೆ ಮಾತಾಡಿದವರಿಗೂ ಪಾಲು ಕೊಡೋ ವ್ಯವಸ್ಥೆ ಮಾಡಿಕೊಂಡ ಸಂಸ್ಥೆ. ಅಂದರೆ ಪಾಲು ಕೊಡೋದು ಅಸಾಧ್ಯ ಅನ್ನೋ ವಾದ ನಿಲ್ಲಲ್ಲ. ಮನಸ್ಸಿದ್ದರೆ ಆಗುತ್ತೆ, ಅಥವಾ ಕಾನೂನಿದ್ದರೆ ಆಗುತ್ತೆ. ಇಡೀ ಉದ್ಯಮದ ಮನಸ್ಸು ನಂಬಿ ಕೂರೋಕೆ ಆಗಲ್ಲ.

ಹೊರಗುತ್ತಿಗೆ ಅಂದ್ರೆ ಖಾಸಗಿ ಟ್ಯೂಷನ್ನಿಗೆ ಮಾತ್ರ ಸೀಮಿತ ಅಂದುಕೊಳ್ಳಬೇಡಿ. ಪಕ್ಕದ ಮೈಸೂರಲ್ಲೇ ಪಾಠ ಇದೆ. 1996ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ತನ್ನ ಕೋರ್ಸುಗಳನ್ನು, ಅದರಲ್ಲೂ ತಾಂತ್ರಿಕ ಕೋರ್ಸುಗಳನ್ನು, ರಾಜ್ಯದ ಹೊರಗಿನ ಖಾಸಗಿ ಸಂಸ್ಥೆಗಳ ಕೈಗೂ ಕೊಟ್ಟು ನಡೆಸಿತು. ಹೆಸರು ವಿಶ್ವವಿದ್ಯಾಲಯದ್ದು, ಅಡ್ಮಿಷನ್ನು, ಪಾಠ, ಶುಲ್ಕದ ವಸೂಲಿ ಇನ್ಯಾರದೋ. ಯುಜಿಸಿ 2013-14ರಿಂದಲೇ ಅದರ ಮಾನ್ಯತೆ ಇಲ್ಲ ಅಂದಿತು. 2018ರಲ್ಲಿ ಮಾನ್ಯತೆ ವಾಪಸ್ ಬರೋ ತನಕ, ಖಾಸಗಿ ಪಾಲುದಾರರ ಮುಖವನ್ನೇ ನೋಡದೆ ಮೈಸೂರಲ್ಲೇ ಪ್ರಾಮಾಣಿಕವಾಗಿ ಬಿಎ, ಎಂಎ ಓದಿದವರ ಪದವಿಯೂ ನೌಕರಿ ಅರ್ಜಿಯಲ್ಲಿ ಪ್ರಶ್ನೆಯಾಯ್ತು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಇಂಥವರು ಕಡಿಮೆ ಇಲ್ಲ. ಮುಕ್ತ ವಿವಿಯಲ್ಲಿ ಓದೋದೇ ಕೆಲಸ ಮಾಡ್ತಾ ಓದಬೇಕಾದವರು.

ಈಗ ಅದೇ ವ್ಯವಸ್ಥೆ ಕೋಟು ಹಾಕಿಕೊಂಡು ಬಂದಿದೆ. ದೊಡ್ಡ ವಿಶ್ವವಿದ್ಯಾಲಯದ ಹೆಸರು, ಹಿಂದೆ ಒಂದು ಎಡ್‌ಟೆಕ್ ಕಂಪನಿ. ಫೋನ್ ಮಾಡಿ 'ಸರ್, ಸೀಟು ಎರಡೇ ಇರೋದು' ಅನ್ನೋದು ಆ ಕಂಪನಿಯ ಹುಡುಗಿ, ವಿಶ್ವವಿದ್ಯಾಲಯದವರಲ್ಲ. ಅಮೆರಿಕದಲ್ಲಿ ಇದರ ದೊಡ್ಡಣ್ಣ 2ಯು ಅನ್ನೋ ಕಂಪನಿ. 2021ರಲ್ಲಿ ಹಾರ್ವರ್ಡ್ ಮತ್ತು ಎಂಐಟಿಯಿಂದ ಎಡೆಕ್ಸ್ ವೇದಿಕೆಯನ್ನು 800 ಮಿಲಿಯನ್ ಡಾಲರಿಗೆ ಕೊಂಡಿತು, 2024ರ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತು. ನಮ್ಮಲ್ಲಿ ಯುಜಿಸಿ 2022ರ ಜನವರಿಯಲ್ಲೇ, ಎಡ್‌ಟೆಕ್ ಕಂಪನಿಗಳ ಜೊತೆ ಫ್ರಾಂಚೈಸಿ ಮಾದರಿಯಲ್ಲಿ ಪದವಿ ಕೊಡೋ ಹಾಗಿಲ್ಲ ಅಂತ ಎಚ್ಚರಿಸಿದೆ. ಆಮೇಲೂ ಜಾಹೀರಾತು ನಿಂತಿಲ್ಲ.

ಇಷ್ಟೆಲ್ಲ ಓಡಾಟದಲ್ಲಿ ಕೆರಗೋಡಿನ ಸರ್ಕಾರಿ ಶಾಲೆಯ ಕನ್ನಡ ಮಾಧ್ಯಮದ ಮಗು ಎಲ್ಲಿದೆ? ಇಡೀ ಹೊರಗುತ್ತಿಗೆಯ ನಕ್ಷೆಯಲ್ಲಿ ಬಾಣ ಒಂದೇ ಕಡೆಗೆ: ಡಾಲರ್ ಇರೋ ಕಡೆಗೆ. ಟೆಕ್ಸಸ್ಸಿನ ಹುಡುಗನಿಗೆ ರಾತ್ರಿ 2 ಗಂಟೆಗೆ ಬಂದ ಅನುಮಾನವನ್ನು ಮಂಡ್ಯದ ಪದವೀಧರ ಬಗೆಹರಿಸ್ತಾನೆ. ಅದೇ ಬೀದಿಯ ಎಂಟನೇ ಕ್ಲಾಸಿನ ಹುಡುಗಿಗೆ ಭಿನ್ನರಾಶಿ ಅರ್ಥವಾಗದಿದ್ದರೆ ಕೇಳೋಕೆ ಯಾರೂ ಇಲ್ಲ. ಅವಳ ಪ್ರಶ್ನೆಗೆ ದರ ಇಲ್ಲ, ಅಷ್ಟೇ ಕಾರಣ. ಫೋನ್ ಇಲ್ಲ ಅನ್ನೋ ಕಾಲ ಹೋಯ್ತು. 2024ರ ಅಸರ್ ವರದಿ ಪ್ರಕಾರ ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನ ಮಕ್ಕಳ ಪೈಕಿ ಹೆಚ್ಚುಕಡಿಮೆ ಶೇ 90 ಜನರ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಹಿಂದಿನ ವಾರದಲ್ಲಿ ಅದನ್ನು ಓದಿಗೆ ಬಳಸಿದವರು ಶೇ 57, ಸೋಷಿಯಲ್ ಮೀಡಿಯಾಗೆ ಬಳಸಿದವರು ಶೇ 76.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. ಕೋವಿಡ್ ಕಾಲದಲ್ಲಿ ಚಂದನದಲ್ಲಿ ಬಂದ ಸೇತುಬಂಧ, ಸಂವೇದ ಪಾಠಗಳನ್ನು ಮಾಡಿದ್ದು ನಮ್ಮದೇ ಶಿಕ್ಷಕರು, ಚೆನ್ನಾಗೇ ಇದ್ದವು. ಈಗ 'ಗಣಿತ ಗಣಕ' ಅನ್ನೋ ಕಾರ್ಯಕ್ರಮ ಇದೆ. ಸರ್ಕಾರಿ ಶಿಕ್ಷಕರು ಪ್ರಾಥಮಿಕ ಶಾಲೆ ಮಕ್ಕಳಿಗೆ ಫೋನ್ ಮಾಡಿ ಲೆಕ್ಕ ಹೇಳಿಕೊಡೋದು. ಆ್ಯಪ್ ಇಲ್ಲ, ಅನಿಮೇಷನ್ ಇಲ್ಲ, ಬರೀ ಕರೆ. ಇದರ ಮೂಲ ಕೋವಿಡ್ ಕಾಲದ ಬೋಟ್ಸ್‌ವಾನಾ. ಅಲ್ಲಿ ವಾರಕ್ಕೊಂದು ಸಾದಾ ಫೋನ್ ಕರೆ ಮತ್ತು ಎಸ್ಎಂಎಸ್‌ನಿಂದ ಮಕ್ಕಳ ಲೆಕ್ಕ ಸುಧಾರಿಸಿತು ಅನ್ನೋ ಅಧ್ಯಯನ 2022ರಲ್ಲಿ ಪ್ರಕಟವಾಯ್ತು. 22 ಬಿಲಿಯನ್ ಡಾಲರಿನ ಕಂಪನಿ ಕಂಡುಹಿಡಿಯದೇ ಹೋದದ್ದು ಇದೇ ನೋಡಿ: ಮಗುವಿಗೆ ಬೇಕಿದ್ದು ತನ್ನ ಹೆಸರು ಹಿಡಿದು ಕರೆಯೋ ಒಂದು ದನಿ. ಆದರೆ ಆಗಲೇ ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕದಲ್ಲಿ ಮುಳುಗಿರೋ ಶಿಕ್ಷಕರ ತಲೆಗೇ ಇದನ್ನೂ ಕಟ್ಟೋದು ಎಷ್ಟು ದಿನ ನಡೆಯುತ್ತೆ? ಹೋಬಳಿಯಲ್ಲಿ ಕೂತು ಅಮೆರಿಕಕ್ಕೆ ಪಾಠ ಹೇಳ್ತಿರೋ ಪದವೀಧರರಿಗೆ ಸರ್ಕಾರವೇ ಗೌರವದ ಕೂಲಿ ಕೊಟ್ಟು, ಸಂಜೆ ಹೊತ್ತು, ಕನ್ನಡದಲ್ಲಿ, ಈ ಕರೆಗಳನ್ನು ಮಾಡಿಸಬಹುದಲ್ಲ. ಅವರಿಗೆ ರಾತ್ರಿ ನಿದ್ದೆಯಾದರೂ ಸಿಗುತ್ತೆ.

ಅದು ಆಗೋವರೆಗೆ, ಈಗಿರೋ ಕೆಲಸಕ್ಕೆ ಒಂದು ಕಾನೂನಿನ ನೆರಳು ಬೇಕು. ಆ ನೆರಳು ಅರ್ಧ ಬಂದಿದೆ ಕೂಡ. 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಸೆಪ್ಟೆಂಬರ್‌ನಲ್ಲಿ ಕಾಯ್ದೆಯಾದ ಕರ್ನಾಟಕದ ಗಿಗ್ ಕಾರ್ಮಿಕರ ಕಾನೂನು ಇದೆಯಲ್ಲ, ಅದರಲ್ಲಿ ಗಿಗ್ ಕಾರ್ಮಿಕ ಅಂದರೆ ಯಾರು ಅನ್ನೋ ವ್ಯಾಖ್ಯಾನದೊಳಗೆ ಪೀಸ್ ರೇಟ್ ಕೆಲಸವೂ ಸೇರಿದೆ. ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಕೊಡೋ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಕಾರಣ ಬರೆದು ಕೊಡದೆ, 14 ದಿನದ ನೋಟಿಸ್ ಇಲ್ಲದೆ ಕೆಲಸದಿಂದ ತೆಗೆಯೋ ಹಾಗಿಲ್ಲ. ರೇಟಿಂಗ್, ಕೆಲಸದ ಹಂಚಿಕೆ ಹೇಗೆ ನಡೆಯುತ್ತೆ ಅಂತ ಕೇಳಿ ತಿಳಿಯೋ ಹಕ್ಕಿದೆ. ಕಬ್ಬಿಗೂ 14 ದಿನ, ಇಲ್ಲೂ 14 ದಿನ. ಕಾಕತಾಳೀಯ ಇರಬಹುದು, ನನಗಂತೂ ಇಷ್ಟವಾಯ್ತು. ಹಾಸ್ಟೆಲಿನ ನನ್ನ ಗೆಳೆಯನಿಗೆ ಬೇಕಿದ್ದದ್ದು ಇಷ್ಟೇ ತಾನೆ?

ತೊಡಕು ಇರೋದು ಕಾಯ್ದೆಯ ಹಿಂದಿನ ಪಟ್ಟಿಯಲ್ಲಿ. ಟ್ಯಾಕ್ಸಿ, ಊಟ ಮತ್ತು ದಿನಸಿ ಡೆಲಿವರಿ, ಸರಕು ಸಾಗಣೆ, ಇ-ಮಾರುಕಟ್ಟೆ, ಆರೋಗ್ಯ, ಪ್ರವಾಸ, ವೃತ್ತಿಪರ ಸೇವೆ, ಕಂಟೆಂಟ್ ಮತ್ತು ಮೀಡಿಯಾ ಅಂತ ಸೇವೆಗಳ ಹೆಸರಿದೆ. ಪಾಠ, ಬೋಧನೆ ಅಂತ ಬಿಡಿಸಿ ಹೇಳಿಲ್ಲ. ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯ ಪಟ್ಟಿಯೂ ಹೆಚ್ಚುಕಡಿಮೆ ಇದೇ, ಅಲ್ಲೂ ಶಿಕ್ಷಣದ ಹೆಸರಿಲ್ಲ. ವೃತ್ತಿಪರ ಸೇವೆ ಅನ್ನೋದರೊಳಗೆ ಇದನ್ನು ಎಳೆದು ಕೂರಿಸಬಹುದು ಅಂತ ವಕೀಲರು ವಾದ ಮಾಡಬಹುದು. ಎದುರಿನ ವಕೀಲರು ಇಲ್ಲ ಅಂತಾರೆ. ರಾತ್ರಿ 2 ಗಂಟೆಗೆ ಅಕೌಂಟ್ ಮುಚ್ಚಿಸಿಕೊಂಡ ಹುಡುಗಿ ಈ ವಾದ ಮುಗಿಯೋ ತನಕ ಕಾಯಬೇಕು.

ಇನ್ನೊಂದು ತೊಡಕು ಇದಕ್ಕಿಂತ ಗಟ್ಟಿ. ಜೊಮ್ಯಾಟೊ ಹುಡುಗನ ಗ್ರಾಹಕ ಇಲ್ಲೇ ಇದ್ದಾನೆ, ಕಂಪನಿಯ ಕಚೇರಿ ಇಲ್ಲೇ ಇದೆ. ಇಲ್ಲಿ ಗ್ರಾಹಕ ಓಹಾಯೋದಲ್ಲಿ, ಕಂಪನಿ ಕ್ಯಾಲಿಫೋರ್ನಿಯಾದಲ್ಲಿ, ಕೆಲಸ ಮಾಡೋರು ಕೆರಗೋಡಲ್ಲಿ. ವ್ಯವಹಾರ ನಡೆದದ್ದು ಎಲ್ಲಿ? ಶುಲ್ಕ ವಸೂಲು ಮಾಡೋದು ಯಾರಿಂದ? ಕಷ್ಟ ಇದೆ, ಅಸಾಧ್ಯ ಅಲ್ಲ. ದುಡ್ಡು ಬರೋದು ಭಾರತದ ಬ್ಯಾಂಕ್ ಖಾತೆಗೆ. ದೊಡ್ಡ ಕಂಪನಿಗಳು ಇಲ್ಲಿ ಅಂಗಸಂಸ್ಥೆ ಇಟ್ಟುಕೊಂಡೇ ವ್ಯವಹಾರ ಮಾಡ್ತವೆ. ತೆರಿಗೆ ಇಲಾಖೆ ಟಿಡಿಎಸ್ ಹಿಡಿಯೋವಾಗ ಈ ಕೆಲಸಗಾರರು ಯಾರು, ಎಲ್ಲಿದ್ದಾರೆ ಅಂತ ಸರಿಯಾಗಿ ಗೊತ್ತಾಗುತ್ತೆ. ಕಾರ್ಮಿಕ ಇಲಾಖೆಗೆ ಮಾತ್ರ ಯಾಕೆ ಗೊತ್ತಾಗಬಾರದು?

ಆದ್ದರಿಂದ ಕಾರ್ಮಿಕ ಸಚಿವರ ಮುಂದೆ ಇಡಬೇಕಾದ ಬೇಡಿಕೆ ಚಿಕ್ಕದು. ಪಟ್ಟಿಗೆ ಒಂದು ಸಾಲು: ಆನ್‌ಲೈನ್ ಬೋಧನೆ, ಪ್ರಶ್ನೋತ್ತರ, ಮತ್ತು ಎಐ ತರಬೇತಿಗಾಗಿ ಮಾಡುವ ಬೌದ್ಧಿಕ ಕೆಲಸ. ಅದರ ಜೊತೆಗೆ, ಕೆಲಸ ಮಾಡೋರು ಕರ್ನಾಟಕದಲ್ಲಿ ಕೂತಿದ್ದರೆ ಸಾಕು, ಗ್ರಾಹಕ ಎಲ್ಲಿದ್ದರೂ ಕಾಯ್ದೆ ಅನ್ವಯ ಅನ್ನೋ ಒಂದು ವಿವರಣೆ. ಟ್ಯಾಕ್ಸಿ, ಡೆಲಿವರಿಯವರು ಬೀದಿಗೆ ಇಳಿದು ಸಂಘ ಕಟ್ಟಿ ಈ ಕಾಯ್ದೆ ಪಡೆದರು. ಉತ್ತರ ಬರೆಯೋರು ಬೀದಿಗೆ ಇಳಿಯಲ್ಲ, ಒಬ್ಬರ ಮುಖ ಒಬ್ಬರು ನೋಡಿರಲ್ಲ, ಮೇಲಾಗಿ ತಾವು ಕೂಲಿ ಅಂತ ಒಪ್ಪಿಕೊಳ್ಳೋಕೆ ಬಿಇ ಸರ್ಟಿಫಿಕೇಟು ಬಿಡಲ್ಲ. ಮನೇಲಿ ಕೇಳಿದರೆ 'ನಮ್ಮ ಹುಡುಗ ಅಮೆರಿಕ ಕಂಪನಿಗೆ ಕೆಲಸ ಮಾಡ್ತಾನೆ' ಅಂತಾರೆ. ಆ ಕಂಪನಿಯ ದಾಖಲೆಯಲ್ಲಿ ಅವನು ನೌಕರ ಅಲ್ಲ, ಪಿಎಫ್ ಇಲ್ಲ, ಇಎಸ್ಐ ಇಲ್ಲ, ರಜೆ ಇಲ್ಲ. ಮದುವೆ ಮಾತುಕತೆಯಲ್ಲಿ ಸಂಬಳದ ಸ್ಲಿಪ್ ಕೇಳಿದಾಗಲೇ ಅಪ್ಪನಿಗೆ ಮೊದಲ ಸಲ ಇದು ಗೊತ್ತಾಗೋದು.